ಅಳತೆ ಪುಸ್ತಕದ ಹಿಂದಿನ ಪುಟಗಳು

ಪುಣೆಯ ಪರಾಂಜಪೆಯವರು ಫೋನಿನಲ್ಲಿ ಕೇಳಿದರು:
ಒಂದೇ ವಾರ ರಜೆ, ಹಕ್ಕಿ ನೋಡಬೇಕು,
ನಿಮ್ಮ ಹೆಜಮಾಡಿಗೆ ಯಾವ ತಿಂಗಳು ಬಂದರೆ ಒಳ್ಳೆಯದು?

ನಾಳೆ ಹೇಳುತ್ತೇನೆ ಎಂದೆ. ಬಾಯಲ್ಲಿ ಗುಂಡುಸೂಜಿ ಇತ್ತು.

ರಾತ್ರಿ ಅಂಗಡಿಯ ಶಟರ್ ಅರ್ಧ ಇಳಿಸಿ
ಅಳತೆ ಪುಸ್ತಕಗಳನ್ನು ಹಿಂದಿನಿಂದ ತೆರೆದೆ.
ಮುಂದಿನಿಂದ ರವಿಕೆ, ಲಂಗ, ಶಾಲೆಯ ಯೂನಿಫಾರ್ಮು;
ಹಿಂದಿನಿಂದ ಹಕ್ಕಿ. ನಡುವೆಲ್ಲೋ ಎರಡೂ
ಎದುರಾದ ದಿನ ಹೊಸ ಪುಸ್ತಕ ಕೊಳ್ಳುತ್ತೇನೆ.

ಅಕ್ಟೋಬರ್: ನವರಂಗ ಬಂತು.
ಇಗರ್ಜಿ ಹಿಂದಿನ ಗೇರುಹಾಡಿಯಲ್ಲಿ ಸಂಜೆ ಆರಕ್ಕೆ
ಎರಡು ಸಲ ಸಿಳ್ಳೆ ಹಾಕಿ ಸುಮ್ಮನಾಯಿತು.
ಹನ್ನೊಂದು ವರ್ಷದಲ್ಲಿ ಕಣ್ಣಿಗೆ ಬಿದ್ದದ್ದು ಮೂರೇ ಸಲ.

ಡಿಸೆಂಬರ್: ಕೋಡಿಯಲ್ಲಿ,
ಶಾಂಭವಿ ನಂದಿನಿ ಕೂಡಿ ಕಡಲಿಗೆ ಬೀಳುವಲ್ಲಿ,
ಇಳಿತಕ್ಕೆ ಎದ್ದ ಮರಳದಿಬ್ಬದ ತುಂಬ ಕಡಲಕಾಗೆ.
ಎಂಟುನೂರು ಎಣಿಸುವಷ್ಟರಲ್ಲಿ ಹದ್ದು ಬಂದು
ಎಲ್ಲ ಎದ್ದು, ಮತ್ತೆ ಒಂದರಿಂದ.
ಆಗ ಸಿಸಿಲಿಯಾ ಬಾಯಿಯ ಮೊಮ್ಮಕ್ಕಳ ಕ್ರಿಸ್ಮಸ್ ಫ್ರಾಕು;
ನಾನು ಜೊತೆಗೆ ಬರಲಾರೆ.

ಏಪ್ರಿಲ್: ಸೆಖೆ.
ಮರಳುಗೊರವಗಳು ಹೊರಡುವ ಮುಂಚೆ
ಎದೆಗೆ ಕಾವಿಬಣ್ಣದ ಹೊಸ ಬಟ್ಟೆ ತೊಡುತ್ತವೆ,
ಒಂದು ಹೊಲಿಗೆಯೂ ಕಾಣದಂತೆ.
ನಾನು ಮದುವೆ ರವಿಕೆಗಳಡಿ ಹೂತಿರುತ್ತೇನೆ.
ಮೇ ಮೊದಲ ವಾರಕ್ಕೆ ದಿಬ್ಬ ಖಾಲಿ.

ಸಿಂಪಿಗ ವರ್ಷವಿಡೀ ಇದೆ, ಅಂಗಡಿ ಹಿಂದಿನ ಬಾದಾಮಿ ಗಿಡದಲ್ಲಿ.
ಅದಕ್ಕಾಗಿ ಪುಣೆಯಿಂದ ಯಾರೂ ಬರುವುದಿಲ್ಲ.

ಆಟಿಯಲ್ಲಿ? ಬರಬೇಡಿ ಎನ್ನಬೇಕು.
ದೋಣಿ ದಡ ಹತ್ತಿರುತ್ತದೆ, ಕಡಲು ರಸ್ತೆ ಹತ್ತುತ್ತದೆ,
ಬೈನಾಕ್ಯುಲರಿನೊಳಗೆ ಬೂಷ್ಟು.
ಪುಟವೂ ಖಾಲಿ, ಒಂದು ನಮೂದು ಬಿಟ್ಟರೆ.

ಅವತ್ತು ಸಾಧು ಮೆಂಡನನ ಮಗಳು ಮೀನುಬುಟ್ಟಿಯಲ್ಲಿ ತಂದಳು:
ಗಾಳಿ ಎತ್ತಿ ಎಸೆದದ್ದು. ಬಿಳಿ ಮೈ, ರೆಕ್ಕೆಗೆ ಕಪ್ಪು ಅಂಚು,
ಹಳದಿ ಕೊಕ್ಕು, ಊರು ಕಂಡಿರದ ಕಣ್ಣು.
'ಉಂದು ದಾದ?' ಎಂದಳು. ನನಗೂ ಹೆಸರು ಗೊತ್ತಿರಲಿಲ್ಲ.
ಮೂರು ದಿನ ಆಳಕ್ಕೆ ಹೋದರೆ ಕಾಣುವಂಥದ್ದು
ಎಂದ ಅವಳಪ್ಪ, ಅಷ್ಟೆ.
ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಬಂಗುಡೆ ತಿನ್ನಿಸಿದೆವು.
ಎರಡು ರಾತ್ರಿ ಹೊಲಿಗೆ ಮಿಷನಿನ ಕೆಳಗೆ ಕೂತಿತ್ತು;
ಪೆಡಲು ತುಳಿಯದೆ ಕೈಯಲ್ಲೇ ಚಕ್ರ ತಿರುಗಿಸಿದೆ.
ಮೂರನೆಯ ದಿನ ಮಳೆ ಹೊಳವಾಯಿತು.
ಬಿಡುವ ಮೊದಲು ಅವಳು ರೆಕ್ಕೆ ಬಿಡಿಸಿ ಹಿಡಿದಳು,
ನಾನು ಟೇಪು ಚಾಚಿದೆ.

ಪುಸ್ತಕದಲ್ಲಿ ಹೀಗಿದೆ:
ಹೆಸರು, ಬರೆದಿಲ್ಲ.
ತೋಳು, ಐವತ್ತೆಂಟೂವರೆ.
ಮುಂಗಡ, ಇಲ್ಲ.
ಕೊಟ್ಟ ದಿನ, ಆಟಿ ಹದಿನೆಂಟು, ಬೆಳಿಗ್ಗೆ.

ಮರುದಿನ ಪರಾಂಜಪೆಯವರಿಗೆ ಫೋನು ಮಾಡಿದೆ:
ಜನವರಿ ಎರಡನೇ ವಾರ ಬನ್ನಿ,
ಇಳಿತದ ಹೊತ್ತು ಕೇಳಿಕೊಂಡು ಹೊರಡೋಣ,
ಟೋಪಿ ತನ್ನಿ, ಕೆಂಪಂಗಿ ಬೇಡ.
ಮಳೆಗಾಲದಲ್ಲಿ ಏನಾದರೂ ಇರುತ್ತದಾ ಎಂದರು.
ಕೊಡೆ ರಿಪೇರಿ ಇರುತ್ತದೆ ಎಂದೆ.