ಕ್ಯಾಸೆಟ್ಟಿನ ಎರಡನೇ ಬದಿ

ಇಪ್ಪತ್ತಾರು ವರ್ಷ ನಿಮ್ಮ ಮುಖಕ್ಕಿಂತ
ನಿಮ್ಮ ದನಿಯನ್ನೇ ಹೆಚ್ಚು ಬಲ್ಲೆ, ಡಾಕ್ಟರ್ ಥಿಬೊಡೊ.
ನೆಲಮಾಳಿಗೆಯಲ್ಲಿ ನೀವು, ಮೇಲಿನ ಕೋಣೆಯಲ್ಲಿ ನಾನು,
ನಡುವೆ ಹದಿನೇಳು ಮೆಟ್ಟಿಲು, ದಿನಕ್ಕೊಂದು ಕ್ಯಾಸೆಟ್ಟು.
ಕಾಲಡಿ ಪೆಡಲು, ಕಿವಿಯಲ್ಲಿ ನೀವು:
"ಪುಷ್ಟವಾದ ದೇಹ, ಅಲ್ಪವಿರಾಮ,
ವಯಸ್ಸು ಸುಮಾರು ನಲವತ್ತು, ಪೂರ್ಣವಿರಾಮ.
ಹೊಸ ಸಾಲು, ಮರ್ಲಾ."

ಹೊಸ ಸಾಲು.
ಫೆಬ್ರವರಿಯ ಎರಡನೇ ವಾರ ನೀವು ಹೋದಿರಿ.
ಪೆರ್ರಿಸ್ ಕೋವಿನ ನೆಲ ಆಗ ಕಬ್ಬಿಣ;
ಗುದ್ದಲಿ ಹಾಕಿದರೆ ಕಿಡಿ ಏಳುತ್ತದೆ, ಮಣ್ಣು ಏಳುವುದಿಲ್ಲ.
ಅದಕ್ಕೇ ಗುಡ್ಡದ ಕಲ್ಲುಕೋಣೆಯಲ್ಲಿ, ಇನ್ನೂ ಆರು ಜನರೊಡನೆ,
ಏಪ್ರಿಲ್ ಬರುವತನಕ ನಿಮ್ಮನ್ನು ಇಟ್ಟು ಬೀಗ ಹಾಕಿದ್ದಾರೆ.
ಯಾರನ್ನೂ ಒಂದು ರಾತ್ರಿ ಹೆಚ್ಚು ಕಾಯಿಸದವರು
ಈಗ ಸರದಿಯಲ್ಲಿ.
ಇದನ್ನು ಅಲ್ಪವಿರಾಮ ಅನ್ನಲೇ?

ಊರು ನಿಮಗೆ ಅಂಜುತ್ತಿತ್ತು, ಅದೂ ನಿಜ.
ದಿನಸಿ ಅಂಗಡಿಯಲ್ಲಿ ನೀವು ಮುಟ್ಟಿದ ಸೇಬನ್ನು
ಮಿಸೆಸ್ ಪಿನ್‌ಕಮ್ ಪಕ್ಕಕ್ಕಿಟ್ಟದ್ದು ನಾನು ಕಂಡೆ.
ನೀವೂ ಕಂಡಿರಿ. ಆ ಸೇಬನ್ನೇ ಕೊಂಡಿರಿ.
ಅವಳಿಗೇನು ಗೊತ್ತು, ಚಾಕು ಹಿಡಿಯುವ ಮೊದಲು
ನೀವು ಬಿಸಿನೀರಲ್ಲಿ ಕೈ ಅದ್ದುತ್ತಿದ್ದದ್ದು,
"ತಣ್ಣನೆ ಕೈ ಯಾರಿಗೂ ಹಿತವಲ್ಲ" ಅನ್ನುತ್ತಿದ್ದದ್ದು.
ಆ ಮಾತನ್ನು ನಾನು ಟೈಪ್ ಮಾಡಲಿಲ್ಲ.

ಟೈಪ್ ಮಾಡದ್ದು ಬಹಳ ಇದೆ.
ಲಾಬ್‌ಸ್ಟರ್ ದೋಣಿ ಮುಳುಗಿದ ವರ್ಷ
ನಾಲ್ವರು ಒಟ್ಟಿಗೆ ಬಂದರು.
ಮೂರನೆಯವನ ಜೇಬಲ್ಲಿ ಒಂದು ಕೀಲಿ, ಎರಡು ಪೆಪ್ಪರ್‌ಮಿಂಟು,
ನೆನೆದ ಚೀಟಿ: "ಹಾಲು, ಬಲ್ಬು, ಟೆಡ್ಡಿಗೆ ಬೂಟು."
ಒಂದೊಂದೇ ಪದ ಬಿಡಿಸಿ ಹೇಳಿದಿರಿ.
ಆಮೇಲೆ ಟೇಪಿನ ತುಂಬ ಬರೀ ನಲ್ಲಿಯ ಸದ್ದು,
ಮೂರು ನಿಮಿಷ ನಲವತ್ತು ಸೆಕೆಂಡು.
ಸಂಜೆ ಆ ಚೀಟಿಯನ್ನು ಒಣಗಿಸಿ, ಇಸ್ತ್ರಿ ಮಾಡಿ,
ಅವನ ಹೆಂಡತಿಯ ಕೈಗಿಟ್ಟಿರಂತೆ.

ಶೆರೀಫ್ ಡ್ರಮಂಡ್ ಒಮ್ಮೆ ಟೋಪಿ ತೆಗೆಯದೆ ಬಂದ.
ಕ್ಯಾನರಿಯ ಒಡೆಯರ ಮನೆಯಲ್ಲಿ ಸೊಸೆ ಸತ್ತಿದ್ದಳು.
"ಮೆಟ್ಟಿಲಿಂದ ಬಿದ್ದಳು. ಅಷ್ಟು ಬರೆದರೆ ಸಾಕು."
"ಮೆಟ್ಟಿಲಿಗೆ ಬೆರಳುಗಳಿರುವುದಿಲ್ಲ, ಶೆರೀಫ್.
ಅವಳ ತೋಳಿನ ಮೇಲೆ ನಾಲ್ಕಿವೆ. ಹೊಸ ಸಾಲು, ಮರ್ಲಾ."
ಮುಂದೆ ಎರಡು ಚಳಿಗಾಲ ನೆಲಮಾಳಿಗೆಯ ಹೀಟರನ್ನು
ಯಾರೂ ರಿಪೇರಿ ಮಾಡಲಿಲ್ಲ.
ಏಪ್ರನ್ನಿನ ಮೇಲೆ ಕೋಟು ತೊಟ್ಟು ಕೆಲಸ ಮಾಡಿದಿರಿ;
ಟೇಪಿನಲ್ಲಿ ಹಲ್ಲು ಕಟಕಟ.

ಮತ್ತೆ, ಅಲೆ ತಂದುಹಾಕಿದ ಆ ಹುಡುಗಿ.
ಹೆಸರಿನ ಮುಂದೆ "ಗೊತ್ತಿಲ್ಲ" ಅಂತ ಹೊಡೆದಿದ್ದೆ.
ಹದಿನೇಳು ಮೆಟ್ಟಿಲು ಹತ್ತಿ ಬಂದಿರಿ, ಏದುಸಿರು:
"ಗೊತ್ತಿಲ್ಲ ಅಲ್ಲ. ಇನ್ನೂ ಗೊತ್ತಾಗಿಲ್ಲ."
ಆ "ಇನ್ನೂ" ಹತ್ತೊಂಬತ್ತು ವರ್ಷ ಬೀರುವಿನಲ್ಲಿ ಕೂತಿತ್ತು.
ಕ್ವಿಬೆಕ್ಕಿನಿಂದ ಅಣ್ಣ ಬಂದ, ನರೆತ ಅಣ್ಣ,
ಹಲ್ಲಿನ ಎಕ್ಸ್‌ರೇ ಲಕೋಟೆಯಲ್ಲಿ ಹಿಡಿದು.
ನಿವೃತ್ತರಾಗಿದ್ದಿರಿ; ಆದರೂ ಬಂದು ನನ್ನ ಹಿಂದೆ ನಿಂತಿರಿ.
ಸೊಲಾಂಜ್, ಹೊಡೆದೆ. ಇನ್ನೊಮ್ಮೆ ನೋಡು, ಅಂದಿರಿ,
ತಪ್ಪಾಗಬಾರದು.

ನಿಮ್ಮ ಕಾಗದವೂ ನನ್ನ ಮೇಜಿಗೇ ಬಂತು.
ಬ್ಯಾಂಗರಿನ ಎಳೆಯ ಡಾಕ್ಟರ ಬರಹ.
ಸಾವಿನ ರೀತಿ: ಸಹಜ.
ತಿದ್ದಲು ಏನೂ ಇಲ್ಲ. ಕಾಗುಣಿತ ಕೂಡ ಸರಿ.
ಆದರೂ ಮೂರು ಸಲ ಓದಿದೆ, ನೀವು ಕಲಿಸಿದ ಹಾಗೆ,
ಬೆರಳಿಟ್ಟು, ಹಿಂದಿನಿಂದ ಮುಂದಕ್ಕೆ.

ಡ್ರಾಯರಿನಲ್ಲಿ ಕೊನೆಯ ಕ್ಯಾಸೆಟ್ಟು ಉಳಿದಿದೆ.
ಎರಡನೇ ಬದಿಯಲ್ಲಿ ವರದಿ ಮುಗಿದ ಮೇಲೂ
ಯಂತ್ರ ಆರಿಸಲು ಮರೆತಿದ್ದೀರಿ.
ಜೇಬಲ್ಲೇ ಇಟ್ಟುಕೊಂಡು ಮೆಟ್ಟಿಲು ಹತ್ತಿದ್ದೀರಿ,
ನಾನು ಎಣಿಸಿದೆ, ಹನ್ನೊಂದರಲ್ಲಿ ಒಮ್ಮೆ ನಿಂತಿದ್ದೀರಿ.
ಬಾಗಿಲು. ಆಮೇಲೆ ಯಾರೋ ಹೆಂಗಸು,
ನಾನೇ, ನನಗೇ ಗುರುತು ಹತ್ತದಷ್ಟು ಚಿಕ್ಕ ದನಿ:
"ಕಾಫಿ ಆರಿಹೋಗಿದೆ, ಬಿಸಿ ಮಾಡಲಾ?"
"ಬೇಡ, ಹಾಗೇ ಕೊಡು."
ಕುರ್ಚಿ ಎಳೆದ ಸದ್ದು.