ಜಾಲರಿ

ಬೆಳಗಿನ ಐದೂವರೆಗೆ ಜಾಲರಿ ಎತ್ತುತ್ತೇನೆ.
ನಲ್ಲಗುಟ್ಟಪಲ್ಲಿ ನಿನ್ನೆ ಏನು ಮಾಡಿತೆಂದು
ಮೊದಲು ತಿಳಿಯುವುದು ನನಗೆ.

ಸೀಗೆಪುಡಿಯ ಗಸಿ, ಕೂದಲ ಉಂಡೆ,
ಶಾಂಪೂ ಪೊಟ್ಟಣದ ಹರಿದ ಮೂಲೆ.
ಅರಿಸಿನ ಬಂದರೆ ಎಲ್ಲೋ ಬಾಣಂತಿ.
ಮೂರು ದಿನ ನೀಲಿ ಬಂದರೆ
ಮೇಷ್ಟರ ಮನೆಗೆ ನೆಂಟರು.
ಬೆಂದ ಹುಳದ ವಾಸನೆ ಬಂದರೆ
ಶಿಡ್ಲಘಟ್ಟದಲ್ಲಿ ಗೂಡು ಅಗ್ಗವಾಗಿದೆ,
ಷಫೀವುಲ್ಲಾ ರಾತ್ರಿಯೆಲ್ಲಾ ನೂಲು ಬಿಚ್ಚಿದ್ದಾನೆ.

ನಮ್ಮ ಮಾವ ಈ ಊರಿನ ನೀರುಗಂಟಿ.
ಯಾವ ಗದ್ದೆಗೆ ಎಷ್ಟು ಗಳಿಗೆ ನೀರೆಂದು
ಬಾಯಲ್ಲೇ ಲೆಕ್ಕ ಇಟ್ಟವರು.
ಕೆರೆ ಕೋಡಿ ಹರಿದು ಹದಿನೆಂಟು ವರ್ಷ.
ಈಗ ಒಣ ತೂಬಿನ ಕಲ್ಲಿನ ಮೇಲೆ ಕೂತು ಕೇಳುತ್ತಾರೆ:
"ಏಮ್ಮಾ, ಇವತ್ತೆಷ್ಟು ಬಂತು?"
"ಮೊಳಕಾಲುದ್ದ, ಮಾವ."
ಕೆರೆಯನ್ನು ಕೇಳುವ ಹಾಗೆ ಕೇಳುತ್ತಾರೆ.
ನಾನೂ ಹಾಗೇ ಹೇಳುತ್ತೇನೆ.

ಮೊದಲ ಗುಂಡಿಯಲ್ಲಿ ನೀರು ಸುಮ್ಮನೆ ಕೂರುತ್ತದೆ.
ಎರಡನೆಯದರಲ್ಲಿ ಜಲ್ಲಿ, ಮರಳು, ಇದ್ದಿಲು.
ಮೂರನೆಯದರಲ್ಲಿ ಆಪು, ಕಾಬಾಳೆ;
ಯಾರೂ ಮುಡಿಯದ ಕೆಂಪು ಹೂ.

ಮೇಲುಗೇರಿ ಮೋರಿಗೆ ಕೆಳಗೇರಿ ಮೋರಿ
ಕೂಡುವ ಜಾಗ ಒಂದಿದೆ, ಗೇಣಗಲ ಸಿಮೆಂಟು.
ಅಲ್ಲಿ ಎರಡು ಬಣ್ಣ
ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಓಡುತ್ತವೆ.
ಆಮೇಲೆ ತಿಳಿಯುವುದಿಲ್ಲ.

ಈ ನೀರು ಯಾರ ಹೊಲಕ್ಕೆಂದು ಮೂರು ಸಭೆ ಆಯಿತು.
ಸೊಪ್ಪಿಗೆ ಬೇಡ, ದೇವರ ಹೂವಿಗಂತೂ ಬೇಡ.
"ಯಾರ್ಯಾರದೋ ಬಚ್ಚಲು" ಎಂದರು ಬೈರಾರೆಡ್ಡಿ.
ಆ ಬೇಸಿಗೆ ಅವರ ಬೋರು
ಸಾವಿರದ ಮುನ್ನೂರು ಅಡಿಯಲ್ಲಿ ಬರೀ ಗಾಳಿ ಉಗುಳಿತು.
"ಹಿಪ್ಪುನೇರಳೆಗೆ ಆದೀತು," ಎಂದರು ಆಮೇಲೆ,
"ಎಲೆ ತಿನ್ನೋದು ಹುಳ, ನಾವಲ್ಲವಲ್ಲ."

ಹುಳ ಏನೂ ಕೇಳಲಿಲ್ಲ.
ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರಿತು.
ಗೂಡು ಷಫೀವುಲ್ಲಾನ ಬಾಣಲೆಗೆ,
ಬಾಣಲೆಯ ನೀರು
ಮತ್ತೆ ನನ್ನ ಜಾಲರಿಗೆ.

ಒಂದು ದಿನ ಓಲೆ ಸಿಕ್ಕಿತು, ಒಂಟಿ ಕಿವಿಯದು, ಬಿಳಿಕಲ್ಲು.
ಸೆರಗಿನಲ್ಲಿ ಗಂಟು ಹಾಕಿಕೊಂಡು ಬೀದಿಬೀದಿ ಕೇಳಿದೆ.
ನಮ್ಮದಲ್ಲ, ನಮ್ಮದಲ್ಲ.
ಮೋರಿಯಲ್ಲಿ ಸಿಕ್ಕಿದ್ದು ಯಾರದೂ ಅಲ್ಲ.
ಮಬ್ಬುಗತ್ತಲೆಯಲ್ಲಿ ರೆಡ್ಡಿಯವರ ಸೊಸೆ
ನಮ್ಮ ಹಿತ್ತಿಲಿಗೆ ಬಂದು ನಿಂತಳು.
"ತೊಳೆದಿದ್ದೀಯಾ?"
"ಮೂರು ಗುಂಡಿ ದಾಟಿಸಿದ್ದೀನಿ" ಎಂದೆ. ಸುಳ್ಳು.
ಅವಳಿಗೆ ನಗು ಬಂತು, ನನಗೂ.

ಜಿಲ್ಲೆಯಿಂದ ಬಂದ ಹುಡುಗಿ
ಬಾಟಲಿ ತುಂಬಿ ಬಿಸಿಲಿಗೆ ಹಿಡಿದಳು.
ಹಾಳೆಯಲ್ಲಿ ಏನೇನೋ ಅಂಕಿ. ಚೆನ್ನಾಗಿದೆ ಎಂದಳು.
ನನಗೆ ನಾಲ್ಕು ತಿಂಗಳಿಂದ ಸಂಬಳ ಬಂದಿಲ್ಲ ಎಂದೆ.
ಹಾಳೆಯ ಹಿಂದೆ ಮುಂದೆ ತಿರುಗಿಸಿ ನೋಡಿದಳು, ಪಾಪ,
ಅದಕ್ಕೊಂದು ಕಾಲಂ ಇದೆಯೇನೋ ಎಂದು.

ಎಲ್ಲರ ಊಟವಾದ ಮೇಲೆ ನನ್ನ ಸ್ನಾನ.
ಬೇಕೆಂದೇ ಎರಡು ಚೊಂಬು ಹೆಚ್ಚು ಹುಯ್ದುಕೊಳ್ಳುತ್ತೇನೆ.
ಬಚ್ಚಲ ತೂತಿನಿಂದ
ಅದು ಗುಟುಕರಿಸುತ್ತಾ ಹೊರಡುತ್ತದೆ,
ಕತ್ತಲಲ್ಲಿ ಕೆಳಗೇರಿ ಮೋರಿ ಹಿಡಿದು
ಆ ಗೇಣಗಲದ ಸಿಮೆಂಟಿನ ಕಡೆಗೆ.

ಹೋಗಿರು, ಅನ್ನುತ್ತೇನೆ.
ಐದೂವರೆಗೆ ಬರುತ್ತೇನೆ.