ಏಳನೇ ಪ್ರಶ್ನೆಗೆ

ಆಫೀಸಿನಿಂದ ಹಟ್ಟಿ ಕ್ಯಾಂಪಿನ ಎಲ್ಲಾರಿಗೂ ಕಾಗದ ಬಂದದ.
ಏಳನೇದ್ದು:
ನಿಮಗೆ ಒಂದೇ ಸಲ ಹಲವು ಕೆಲಸ ಇಷ್ಟವೋ,
ಒಂದು ಮುಗಿಸಿ ಇನ್ನೊಂದೋ?
ಒಂದರಿಂದ ಐದರೊಳಗೆ ಒಂದು ಅಂಕಿಗೆ ಸುತ್ತು ಹಾಕಿ.
ಕೆಳಗ ಸಣ್ಣ ಅಕ್ಷರದಾಗ:
ಕೆಲಸ, ಬದುಕು, ಇವೆರಡರ ನಡುವೆ ಸಮತೋಲನ ಇದೆಯೇ?

ಸಮತೋಲನದ ಮಾತು ನನ್ನ ಕೇಳ್ತೀರೇನ್ರಿ,
ಹನ್ನೊಂದು ವರ್ಷಾತು, ತೂಗೂದ ನನ್ನ ಉದ್ಯೋಗ.

ಬರ್ರಿ ಒಮ್ಮೆ ನಮ್ಮ ಲ್ಯಾಬಿಗೆ.
ಕಲ್ಲಿನ ಹಿಟ್ಟಿಗೆ ಸೀಸದ ಪುಡಿ, ಸೋಡಾ, ಬಿಳಿಗಾರ ಕಲಸಿ
ಕುಲುಮಿಗೆ ಇಡಾಂವ ಮೌನೇಶ.
ಸೀಸೆಲ್ಲಾ ಬಟ್ಟಲಿಗೆ ಇಂಗಿ
ಕಡೀಕ ಒಂದು ಗಳಿಗಿ, ಯಾರೋ ಕಣ್ಣು ಹೊಡದಂಗ ಮಿಂಚಿ
ಉಳಿಯೂದು ಸಾಸಿವಿಗಿಂತ ಸಣ್ಣ ಗುಂಡು.
ಅದನ್ನ ಚಿಮಟಿಗಿಲೆ ಎತ್ತಿ
ಗಾಜಿನ ಪೆಟ್ಟಿಗಿಯೊಳಗಿನ ತಕ್ಕಡಿಗೆ ಇಡಾಕಿ ನಾನು.
ಫ್ಯಾನ್ ಬಂದ್. ಬಾಗಿಲ ಬಂದ್.
ಉಸುರು ಅರ್ಧ ಬಂದ್.
ಹೊರಗ ಲಾರಿ ಹೋದ್ರ ಅಂಕಿ ನಡುಗ್ತದ,
ಅದು ಸುಮ್ಮನಾಗೂತನಾ ನಾನೂ ಸುಮ್ಮನ.
ಆ ಹೊತ್ತಿನಾಗ ನನಗ ಮನಿ ಇಲ್ಲ, ಗಂಡ ಇಲ್ಲ,
ಸೊಂಟನೋವಿಲ್ಲ, ಸಂಘದ ಕಂತಿಲ್ಲ.
ಒಂದು ಮುಗಿಸಿ ಇನ್ನೊಂದು.
ಹಂಗಂದ್ರ ಐದಕ್ಕ ಸುತ್ತು ಹಾಕ್ಲೇನು?

ತಡೀರಿ.
ನಸುಕಿನ ಐದಕ್ಕ ನಮ್ಮ ಲೈನಿಗೆ ನೀರು, ನಲ್ವತ್ತು ನಿಮಿಷ.
ಒಂದು ಕೈ ಕೊಡದ ಮ್ಯಾಲ, ಒಂದು ಕೈ ಹಂಚಿನ ಮ್ಯಾಲ,
ಕಿವಿ ಕುಕ್ಕರಿನ ಕಡೆ, ಕಾಲು ಬಾಗಿಲಿಗೆ ಅಡ್ಡ
(ಬೆಕ್ಕು ಹಾಲಿಗೆ ಹೊಂಚು ಹಾಕಿರ್ತದ),
ಬಾಯಾಗ ಅಮರೇಶನ ಮಗ್ಗಿ.
ಹದಿಮೂರೆಂಟ್ಲೆ ಅಂತ ಅವ ನಿಂತ್ರ
ನೂರಾ ನಾಕು ಅಂತ ನಾನು ರೊಟ್ಟಿ ತಿರುವ್ತೀನಿ.
ಇದು ಇಷ್ಟ ಅಲ್ರಿ.
ಇದು ನಳ.

ನಮ್ಮ ಮನಿಯವ್ರು ಹುಸೇನಪ್ಪ, ಶಾಫ್ಟಿನ ವೈಂಡರ್ ಡ್ರೈವರ್.
ಅವರ ಕೋಣಿಗೆ ಬೋರ್ಡ್ ಹಾಕ್ಯಾರ: ಡ್ರೈವರ್ ಸಂಗಟ ಮಾತಾಡಬಾರದು.
ಮೂರು ಗಂಟಿ ಬಡದ್ರ, ಬರೂದು ಮನುಷ್ಯರು.
ಹಗ್ಗದ ತುದಿಗೆ ಅಷ್ಟು ಮಂದಿ ಜೀವ ಇಟಗೊಂಡು
ಎಂಟು ತಾಸು ಒಂದ ಸೂಜಿ ಮ್ಯಾಲ ಕಣ್ಣು.
ಮನಿಗೆ ಬಂದ್ರೂ ಆ ಬೋರ್ಡ್ ಅವರ ಕೊಳ್ಳಾಗ ತೂಗತಿರ್ತದ.
ಗ್ಯಾಸಿನಾಂವ ಬಂದಾನ, ಪುಸ್ತಕ ಎಲ್ಲದ ಅಂದ್ರ
ಉಂಡು ಕೈ ತೊಳಿಯೂತನಾ ಉತ್ತರ ಇಲ್ಲ.
ಒಂದಿನ ತಾಟು ಕುಕ್ಕಿ ಜಗಳ ತಗದೆ.
ಅವರಂದ್ರು:
"ಎರಡನೇದ್ದು ತಲ್ಯಾಗ ಬಂತಂದ್ರ
ನನಗ ಹಗ್ಗ ಕಾಣ್ತದ, ತಾಯಮ್ಮ."
ಅವತ್ತಿನಿಂದ ಜಗಳ ಬಿಟ್ಟೆ ಅಂದ್ರ ಸುಳ್ಳು.
ಕಡಿಮಿ ಆಗ್ಯದ.

ಹಂಗಾಗಿ ನಿಮ್ಮ ಪ್ರಶ್ನಿ ನನಗ ಬಿಡಿಸ್ಲಿಕ್ಕಾಗ್ಲಿಲ್ಲ.
ನಿನ್ನೆ ಮಧ್ಯಾಹ್ನ, ಕುಲುಮಿ ಆರಿತ್ತು, ಕೋಣ್ಯಾಗ ಯಾರೂ ಇರ್ಲಿಲ್ಲ,
ಏಳನೇ ಪ್ರಶ್ನಿ ಇದ್ದ ಮೂಲಿ ಹರದೆ.
ತೂಗಿದೆ.
ಹೊರಗ ತಗದು ಒಂದು ಅಂಕಿಗೆ ಸುತ್ತು ಹಾಕಿ
ಮತ್ತ ಇಟ್ಟೆ, ಬಾಲ್‌ಪೆನ್ನಿನ ಆ ಗೆರಿಗೂ
ಏನಾರ ತೂಕ ಅದನೇನು ಅಂತ.

ಅಂಕಿ ಇನ್ನೂ ನಿಂತಿರ್ಲಿಲ್ಲ,
ಮೇಜಿನ ಡ್ರಾವರಿನಾಗ ಮೊಬೈಲ್ ನಡುಗ್ತು.
ಅಂಕಿನೂ ನಡುಗ್ತು.
ಮಗ್ಗಲ ಮನಿ ಖಾಜಾಬಿ.
ನಳ ಬಂದಾವಂತ, ಹೊತ್ತಲ್ಲದ ಹೊತ್ತಿನಾಗ.
ಕೀಲಿ ಎಲ್ಲಿಟ್ಟೀಯವ್ವ, ಕೊಡ ತುಂಬಿಸ್ತೀನಿ.

ಒಂದು ನಿಮಿಷ ಅಕ್ಕಾ, ಅಂದೆ.
ಅಂಕಿ ನಿಲ್ಲೂತನಾ ನೋಡಿದೆ. ಬರಕೊಂಡೆ.
ಆಮ್ಯಾಲ ಹೇಳಿದೆ: ಒರಳಿನೊಳಗ ಅದ.

ಆ ಗೆರಿಗೆ ತೂಕ ಅದ ಸರ್, ಬಾಳ ಇಲ್ಲ.
ಕಾಗದ ಒಂದು ಮೂಲಿ ಹರದದಂತ ಸಿಟ್ಟಾಗಬ್ಯಾಡ್ರಿ,
ಪಿನ್ ಹಚ್ಚೀನಿ.